ಲೆಗೆಂತೇಯನ ಲಾರಿ ಮತ್ತು ಮೊಲದ ರಗ್ಗು

ಅರ್ಗಾಕ್ವೊಲ್ ಊರಿನಲ್ಲಿ ಚಳಿಗಾಲವೆಂದರೆ ಕಣ್ಣಿಗಿಂತ ಕಿವಿಗೆ ಹೆಚ್ಚು ಕೆಲಸ. ಮಂಜು ಬೀದಿಯ ಮೇಲೆ ಕೂತುಬಿಟ್ಟರೆ ಎದುರು ಮನೆಯೂ ಕಾಣುವುದಿಲ್ಲ. ಆದರೆ ಎದುರು ಮನೆಯವನು ಕೆಮ್ಮಿದ್ದು, ಅವನ ಹೆಂಡತಿ ಬೈದದ್ದು, ಇಂಡಿಗಿರ್ಕಾ ನದಿಯ ಮೇಲೆ ಹಿಮ ಸೀಳಿದ್ದು, ಎಲ್ಲವೂ ಪಕ್ಕದಲ್ಲೇ ಆದಂತೆ ಕೇಳುತ್ತದೆ. ಬಿಟ್ಟ ಉಸಿರು ಗಾಳಿಯಲ್ಲೇ ಹೆಪ್ಪುಗಟ್ಟಿ ಸರಸರ ಸದ್ದು ಮಾಡುತ್ತ ಕೆಳಗಿಳಿಯುತ್ತದೆ. ಈ ಎಲ್ಲ ಸದ್ದುಗಳ ಅಡಿಯಲ್ಲಿ, ಹಗಲೂ ರಾತ್ರಿ, ಲಾರಿಗಳ ಗುರುಗುರು. ದೊಡ್ಡ ಚಳಿ ಶುರುವಾದಾಗ ಎಬ್ಬಿಸಿದ ಎಂಜಿನ್ನನ್ನು ಇಲ್ಲಿಯವರು ಚಳಿ ಮುರಿಯುವವರೆಗೆ ಆರಿಸುವುದಿಲ್ಲ. ಪೆಟ್ರೋಲು ದಂಡ ಎಂದು ಹೊರಗಿನವರು ಹೇಳುತ್ತಾರೆ. ಹೇಳಲಿ, ಬಾಯಿ ಅವರದು.

ಲೆಗೆಂತೇಯ ಆ ಗುರುಗುರುವನ್ನು ಜೋಗುಳದ ಹಾಗೆ ಕೇಳಿಕೊಂಡು ನಿದ್ದೆಹೋಗುವವನು. ಅವನ ಅಪ್ಪ ಕುದುರೆ ಕಾಯುತ್ತಿದ್ದವನು. ಮಗನಿಗೆ ಸರಿಯಾಗಿ ನಡಿಗೆ ಬರುವ ಮೊದಲೇ ಜೀನಿನ ಮೇಲೆ ಕೂರಿಸಿದ್ದ. ಯುದ್ಧದ ಕಾಲದಲ್ಲಿ ಊರಿನ ಗಂಡಸರೆಲ್ಲ ಪಡುವಣಕ್ಕೆ ಹೋದರು. ಕುದುರೆ ಒದ್ದು ಒಂದು ಕಾಲು ಕುಂಟಾಗಿದ್ದ ಲೆಗೆಂತೇಯನನ್ನು ಮಾತ್ರ ಸೈನ್ಯ ಬೇಡವೆಂದಿತು. ಅದೇ ವರ್ಷ ಊರಿನ ಸಾಮೂಹಿಕ ಬೇಸಾಯದ ಸಂಘಕ್ಕೆ ಒಂದು ಲಾರಿ ಬಂತು, ಓಡಿಸುವವರಿಲ್ಲ. ಕುದುರೆ ಪಳಗಿಸಿದವನಿಗೆ ಇದೇನು ಮಹಾ ಎಂದು ಹಿರಿಯರು ಅವನನ್ನೇ ಹತ್ತಿಸಿಬಿಟ್ಟರು. ಪಾಪ, ಅವನಿಗೆ ಗೊತ್ತಿದ್ದದ್ದು ಕುದುರೆಯ ಪಾಠವೊಂದೇ. ಅದನ್ನೇ ಲಾರಿಗೂ ಹಚ್ಚಿದ. ಏರಿನಲ್ಲಿ ಕುದುರೆಯ ಕತ್ತು ತಟ್ಟುವಂತೆ ಸ್ಟಿಯರಿಂಗಿನ ಪಕ್ಕ ತಟ್ಟಿ ಪುಸಲಾಯಿಸಿದ. ಹೊರಡುವ ಮುನ್ನ ಒಲೆಯ ಬೆಂಕಿಯಜ್ಜನಿಗೆ ಒಂದು ಚೂರು ಬೆಣ್ಣೆ ಹಾಕಿ ದಾರಿ ಕಾಯಲು ಕೇಳಿಕೊಂಡ. ಹಾಗೆ ಶುರುವಾದದ್ದು ಅವನ ಬದುಕಾಯಿತು.

ಆ ಬದುಕಿನಲ್ಲಿ ಒಂದೇ ಒಂದು ಗಾಯವಿತ್ತು. ಸಿಲಿಪನೆಂಬವನು ಅವನ ಜೊತೆಯ ಡ್ರೈವರ್, ಒಂದೇ ತಟ್ಟೆಯಲ್ಲಿ ಉಂಡ ಗೆಳೆಯ. ಒಂದು ಚಳಿಗಾಲ ಗಣಿಗೆ ಹಿಟ್ಟು ಒಯ್ಯುತ್ತಿದ್ದಾಗ ಕಣಿವೆಯ ನೆತ್ತಿಯಲ್ಲಿ ಸಿಲಿಪನ ಲಾರಿಯ ಎಂಜಿನ್ ನಿಂತುಹೋಯಿತು. ಏನೋ ಸಣ್ಣ ತೊಂದರೆ, ಬೇಸಿಗೆಯಲ್ಲಾದರೆ ಶಿಳ್ಳೆ ಹಾಕುತ್ತ ಸರಿಮಾಡುವಂಥದ್ದು. ಅಷ್ಟರಲ್ಲಿ ಒಳಗಿನ ಆಯಿಲ್ ಗಟ್ಟಿಯಾಯಿತು, ಮತ್ತೆ ಏಳಲಿಲ್ಲ. ಹಿಂದಿನಿಂದ ಬಂದ ಲೆಗೆಂತೇಯ ಬಾಗಿಲು ತೆರೆದಾಗ ಸಿಲಿಪ ಸ್ಟಿಯರಿಂಗ್ ಹಿಡಿದುಕೊಂಡೇ ಕೂತಿದ್ದ, ರೆಪ್ಪೆಯ ಮೇಲೆ ಹಿಮ, ತುಟಿಯಲ್ಲಿ ಇನ್ನೇನು ಜೋಕು ಹೇಳುವವನ ಹಾಗೆ ಒಂದು ನಗೆ. ಸಿಲಿಪನ ಹೆಂಡತಿ ಅದಕ್ಕೂ ಮೊದಲೇ ತೀರಿಕೊಂಡಿದ್ದಳು. ಮಗ ಮೀತೆರೇಯ ಇನ್ನೂ ಹಾಲುಹಲ್ಲಿನವನು. ಮಕ್ಕಳಿಲ್ಲದ ಲೆಗೆಂತೇಯ ಮತ್ತು ಅವನ ಹೆಂಡತಿ ಬಾಲ್ಬಾರಾ ಅವನನ್ನು ಮನೆಗೆ ತಂದುಕೊಂಡರು, ಬೆಳೆಸಿದರು, ಲಾರಿ ಓಡಿಸಲೂ ಕಲಿಸಿದರು. ಈಗ ಮೀತೆರೇಯ ಸೈನ್ಯದ ಕಡ್ಡಾಯ ಸೇವೆಯಲ್ಲಿ, ಪೂರ್ವದ ಗಡಿಯ ಒಂದು ಠಾಣೆಯಲ್ಲಿ ಲಾರಿ ಓಡಿಸುತ್ತಿದ್ದ. ಸಿಲಿಪ ಸತ್ತಂದಿನಿಂದ ಎಲ್ಲಿಯೇ ಎಂಜಿನ್ ನಿಂತ ಸದ್ದಾದರೂ ಲೆಗೆಂತೇಯನ ಎದೆ ಝಲ್ಲೆನ್ನುತ್ತಿತ್ತು.

ಇಂಥವನಿಗೆ ಬಂದ ಕೆಲಸ ನೋಡಿ. ಯುದ್ಧ ಮುಗಿದು ಇಪ್ಪತ್ತು ಚಿಲ್ಲರೆ ವರ್ಷವಾಗಿತ್ತು. ಚಳಿಗೆ ಜಗ್ಗದ ಎಂಜಿನ್ ಆಯಿಲ್ ಕಂಡುಹಿಡಿಯಬೇಕೆಂದು ಸೈನ್ಯದವರು ಅರ್ಗಾಕ್ವೊಲಿಗೆ ಒಂದು ದೊಡ್ಡ ಆರು ಚಕ್ರದ ಲಾರಿ ಕಳಿಸಿದರು. ಜೊತೆಗೆ ಮೂರು ಬಗೆಯ ಎಣ್ಣೆಯ ಮೂರು ಡ್ರಮ್ಮುಗಳು, ಡ್ರಮ್ಮುಗಳ ಹಿಂದೆ ನಫೀಸಾ ಎಂಬ ರಸಾಯನಶಾಸ್ತ್ರದ ಹೆಣ್ಣುಮಗಳು. ಉಫಾ ಊರಿನ ತಾತಾರ ಜನಾಂಗದವಳು, ಮೂವತ್ತು ದಾಟಿದವಳು, ಮೂಗಿನ ತುದಿ ಸದಾ ಕೆಂಪು. ಪರೀಕ್ಷೆಯ ನಿಯಮ ಸರಳ: ಹಗಲೆಲ್ಲ ಲಾರಿಯನ್ನು ನದಿಯ ಹಿಮದ ಮೇಲೆ ಓಡಿಸುವುದು, ಸಂಜೆ ಎಂಜಿನ್ ಆರಿಸಿ ಬಯಲಿನಲ್ಲಿ ಬಿಡುವುದು, ಬೆಳಿಗ್ಗೆ ಬೆಂಕಿ ಕಾಯಿಸದೆ, ಏನೂ ಮಾಡದೆ, ಬರೀ ಸೆಲ್ಫ್ ಹೊಡೆದು ಎಬ್ಬಿಸುವುದು. ಎದ್ದರೆ ಎಣ್ಣೆ ಪಾಸು. ಬ್ಯಾಟರಿಯನ್ನು ಮಾತ್ರ ಬಿಚ್ಚಿ ಬೆಚ್ಚಗಿಡಬಹುದು. ಸುತ್ತಲ ಹಳ್ಳಿಗಳಲ್ಲೆಲ್ಲ ಒಳ್ಳೆಯ ಡ್ರೈವರ್ ಯಾರೆಂದು ಕೇಳಿದಾಗ ಎಲ್ಲರೂ ಲೆಗೆಂತೇಯನ ಮನೆ ತೋರಿಸಿದರು.

ಮೊದಲ ಸಂಜೆ ಮನೆಯ ಹಿಂದಿನ ಹುಲ್ಲಿನ ಬಯಲಿನಲ್ಲಿ ಲಾರಿ ನಿಲ್ಲಿಸಿ ಲೆಗೆಂತೇಯ ಸುಮ್ಮನೆ ಕೂತ. ನಫೀಸಾ ಕೆಳಗೆ ಕಾಲು ಕುಟ್ಟುತ್ತ ನಿಂತಿದ್ದಳು.

"ದೊಡ್ಡಪ್ಪ, ಆಫ್ ಮಾಡಿ." ಊರಿನ ಹುಡುಗರೆಲ್ಲ ಅವನನ್ನು ಹಾಗೆ ಕರೆಯುವುದನ್ನು ಕೇಳಿ ಅವಳೂ ಹಾಗೇ ಕರೆಯುತ್ತಿದ್ದಳು.

"ಮಾಡ್ತೀನಿ ಇರು ಮಗಳೇ."

"ಆಗ್ಲಿಂದ ಇರು ಇರು ಅಂತಿದೀರ. ನನ್ ಕಾಲ್ಬೆರಳು ಉದುರಿ ಬೀಳುತ್ತೆ."

"ಇಷ್ಟು ವರ್ಷದಲ್ಲಿ ಡಿಸೆಂಬರಲ್ಲಿ ಆಫ್ ಮಾಡಿಲ್ಲ ನಾನು. ಕೈ ಬರ್ತಿಲ್ಲ."

ಅವಳೇ ಮೇಲೆ ಹತ್ತಿ, ಅವನ ಕೈಯ ಮೇಲೆ ಕೈಯಿಟ್ಟು, ಕೀಲಿ ತಿರುಗಿಸಿದಳು. ಬಯಲೆಲ್ಲ ಮೌನವಾಯಿತು. ಆ ಮೌನದಲ್ಲಿ ತನ್ನ ಹೃದಯದ ಬಡಿತ ತನಗೇ ಕೇಳಿ ಲೆಗೆಂತೇಯನಿಗೆ ನಾಚಿಕೆಯಾಯಿತು.

ಮೊದಲನೆಯ ಎಣ್ಣೆ ಬಿತ್ತು. ಎರಡನೆಯದೂ ಬಿತ್ತು. ಬೆಳಿಗ್ಗೆ ಸೆಲ್ಫ್ ಹೊಡೆದರೆ ಲಾರಿ ಮುದಿ ಹಸುವಿನಂತೆ ಒಮ್ಮೆ ನರಳಿ ಸುಮ್ಮನಾಗುತ್ತಿತ್ತು. ಪ್ರತಿ ಸಲವೂ ನಫೀಸಾ ಬಾಲ್ಬಾರಾಳ ಅಡುಗೆಮನೆಗೆ ಬಂದು ಹಾಲು ಹಾಕಿದ ಚಹಾದ ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಕೂರುತ್ತಿದ್ದಳು. ಎಣ್ಣೆಯೆಂದರೆ ಹೇಗಿರಬೇಕು ಗೊತ್ತಾ ದೊಡ್ಡಮ್ಮ, ಎನ್ನುತ್ತಿದ್ದಳು, ನದಿ ಮೇಲೆ ಕಲ್ಲಾಗಿದ್ರೂ ಅಡಿಯಲ್ಲಿ ಹರೀತಾನೇ ಇರುತ್ತಲ್ಲ, ಹಾಗೆ. ಬಹಳ ವರ್ಷಗಳಿಂದ ಅವಳು ಇದೇ ಧ್ಯಾನದಲ್ಲಿದ್ದಳು. ಮದುವೆ ನಿಶ್ಚಯವಾಗಿದ್ದ ಹುಡುಗ ಕಾದು ಕಾದು ಬೇರೆಯವಳನ್ನು ಕಟ್ಟಿಕೊಂಡಿದ್ದ. ಈ ಚಳಿಗಾಲವೂ ಸೋತರೆ ಕೆಲಸವನ್ನು ಇನ್ನೊಂದು ತಂಡಕ್ಕೆ ಕೊಡುತ್ತೇವೆ ಎಂದು ಮೇಲಿನವರು ಖಡಾಖಂಡಿತವಾಗಿ ಹೇಳಿದ್ದರು. ಉಳಿದಿದ್ದದ್ದು ಮೂರನೆಯ ಡ್ರಮ್ಮು.

ಅದನ್ನು ತೆರೆದಾಗ ಲೆಗೆಂತೇಯ ಬೆರಳದ್ದಿ ಬೆಳಕಿಗೆ ಹಿಡಿದ. ಲಾರ್ಚ್ ಮರದ ಅಂಟಿನ ಬಣ್ಣ. ಜೂನ್ ತಿಂಗಳ ವಾಸನೆ ಬಂದಂತಾಯಿತು. ಅವನಿಗೆ ಎಣ್ಣೆಯ ಮೇಲೆ ಮನಸ್ಸಾಯಿತು, ಅದರಿಂದಲೇ ಎಡವಟ್ಟಾಯಿತು.

ಅವನ ಅಪ್ಪ ಹೇಳಿಕೊಟ್ಟ ಮೊದಲ ಪಾಠ ಇದು: ಓಡಿ ಬಂದ ಕುದುರೆಯ ಜೀನನ್ನು ಕೂಡಲೇ ಇಳಿಸಬಾರದು. ಬೆವೆತ ಬೆನ್ನಿಗೆ ಚಳಿ ತಾಗಿದರೆ ಕುದುರೆ ಕೆಟ್ಟಿತು. ಕಂಬಕ್ಕೆ ಕಟ್ಟಿ, ಬೆನ್ನಿನ ಮೇಲಿನದನ್ನು ಹಾಗೇ ಬಿಟ್ಟು, ಮೆಲ್ಲಮೆಲ್ಲನೆ ಆರಲು ಬಿಡಬೇಕು. ಕುದುರೆ ಕಂಡ ಜನ ಯಾರೂ ಇದನ್ನು ಮೀರುವುದಿಲ್ಲ. ಆ ಸಂಜೆ ನಫೀಸಾ ಹೋದ ಮೇಲೆ ಬ್ಯಾಟರಿ ಬಿಚ್ಚುತ್ತಿದ್ದ ಲೆಗೆಂತೇಯನಿಗೆ ಬಾನೆಟ್ಟಿನಿಂದ ಏಳುತ್ತಿದ್ದ ಹಬೆ ಕಂಡಿತು. ಹಗಲೆಲ್ಲ ತನ್ನನ್ನು ಹೊತ್ತು ಓಡಿದ ಜೀವ, ಬೆನ್ನು ಬೆವೆತಿದೆ, ಬರಿಮೈಯಲ್ಲಿ ನಿಂತಿದೆ. ಮನೆಗೆ ಹೋದ. ಪೆಟ್ಟಿಗೆಯಿಂದ ಬಾಲ್ಬಾರಾಳ ಮೊಲದ ಚರ್ಮದ ದೊಡ್ಡ ರಗ್ಗು ತೆಗೆದ. ಅವಳ ತಾಯಿ ಹೊಲಿದು ಕೊಟ್ಟದ್ದು, ಅಷ್ಟು ಬೆಚ್ಚಗಿನದು ಊರಲ್ಲಿ ಇನ್ನೊಂದಿಲ್ಲ. ಅದನ್ನು ಬಾನೆಟ್ಟಿನ ಮೇಲೆ ನೆಲದವರೆಗೆ ಇಳಿಬಿಟ್ಟ. ಒಲೆಯ ಕೆಂಡವನ್ನು ಕಬ್ಬಿಣದ ಬಾಣಲೆಯಲ್ಲಿ ಬೂದಿ ಮುಚ್ಚಿ ತಂದು ಆಯಿಲ್ ಚೇಂಬರಿನ ಕೆಳಗಿಟ್ಟ. ಬೆಂಕಿಯಜ್ಜನಿಗೆ ಬೆಣ್ಣೆಯ ಚೂರು ಹಾಕಿ, ಇವಳ ಎಣ್ಣೆಯ ಮೇಲೆ ಒಂದು ಕಣ್ಣಿಡಪ್ಪ ಎಂದ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬ್ಯಾಟರಿ ತರುವವನು ಅವನೇ ಆದ್ದರಿಂದ ಎಲ್ಲವನ್ನೂ ತೆಗೆದಿಟ್ಟ. ಮೋಸ ಎಂಬ ಮಾತು ಅವನ ತಲೆಯೊಳಗೆ ಸುಳಿಯಲೂ ಇಲ್ಲ. ನಿಯಮದಲ್ಲಿ ಬೆಳಿಗ್ಗೆ ಕಾಯಿಸಬಾರದೆಂದಿತ್ತು, ಅವನು ಬೆಳಿಗ್ಗೆ ಕಾಯಿಸಲಿಲ್ಲ.

ಸೆಲ್ಫ್ ಹೊಡೆದ. ಲಾರಿ ಒಮ್ಮೆ ಕೆಮ್ಮಿ ಎದ್ದು ನಿಂತಿತು.

ನಫೀಸಾ ಹಿಮದಲ್ಲಿ ಕುಣಿದಳು, ಬಾಲ್ಬಾರಾಳನ್ನು ಅಪ್ಪಿಕೊಂಡಳು, ಯಾರದೋ ನಾಯಿಯನ್ನೂ ಅಪ್ಪಿಕೊಂಡಳು. ಮರುದಿನವೂ ಎದ್ದಿತು, ಅದರ ಮರುದಿನವೂ. ಎಣ್ಣೆಯೊಳಗೆ ಇಳಿಬಿಡುವ ಥರ್ಮಾಮೀಟರ್ ಬರುವ ದಾರಿಯಲ್ಲೇ ಒಡೆದಿತ್ತು, ಬದಲಿ ತರಬೇಕಾದ ವಿಮಾನವನ್ನು ಮಂಜು ಇಳಿಯಲು ಬಿಡುತ್ತಿರಲಿಲ್ಲ. ಸಂಜೆಯಿಂದ ಬೆಳಗಿನವರೆಗೆ ನಿಂತ ಕಬ್ಬಿಣ ಗಾಳಿಯಷ್ಟೇ ತಣ್ಣಗಿರುತ್ತದೆ ತಾನೆ, ಎಂದು ಎಲ್ಲರೂ ಹೊರಗಿನ ಚಳಿಯನ್ನೇ ಎಣ್ಣೆಯ ಚಳಿಯೆಂದು ಹಿಡಿದರು.

ಆ ದಿನಗಳು ಲೆಗೆಂತೇಯನಿಗೆ ಒಂದು ಕನಸಿನ ಹಾಗೆ ಕಳೆದವು. ಮಧ್ಯಾಹ್ನದ ತುಸು ಬೆಳಕಿನಲ್ಲಿ ನದಿಯ ಮೇಲೆ ಹೋಗುವಾಗ ದಡವೂ ಆಕಾಶವೂ ಒಂದೇ ಹಾಲಿನ ಬಣ್ಣ. ಲಾರಿ ನೆಲ ಮುಟ್ಟದೆ ಹೋಗುತ್ತಿದೆಯೋ ಎನಿಸುತ್ತಿತ್ತು. ಒಮ್ಮೆ ಲಾರಿ ನಿಲ್ಲಿಸಿ ಕೂತಲ್ಲೇ ಕಣ್ಣಿಗೆ ಜೋಂಪು ಹತ್ತಿ, ಬೇಸಿಗೆಯ ಹುಲ್ಲುಗಾವಲಿನಲ್ಲಿ ತನ್ನ ಲಾರಿ ಹೆಣ್ಣುಕುದುರೆಗಳ ಜೊತೆ ಮೇಯುತ್ತಿರುವುದನ್ನು ಕಂಡ. ಪಕ್ಕದಲ್ಲಿ ಸಿಲಿಪ ಹುಲ್ಲುಕಡ್ಡಿ ಕಚ್ಚಿಕೊಂಡು ನಿಂತಿದ್ದ. ಏನೋ ಹೇಳಲು ಬಾಯಿ ತೆರೆದ, ಅಷ್ಟರಲ್ಲಿ ಎಚ್ಚರವಾಯಿತು. ಹೊಟ್ಟೆಗೆ ಹಾಲು ಹುಯ್ದಂತೆ ಸುಖವಾಗಿತ್ತು.

ರಗ್ಗಿನ ಸಂಗತಿ ಮೊದಲು ಗೊತ್ತಾದದ್ದು ಬಾಲ್ಬಾರಾಳಿಗೆ. ಒಂದು ಬೆಳಿಗ್ಗೆ ಅವಳು ಅದನ್ನು ಮೂಗಿಗೆ ಹಿಡಿದುಕೊಂಡು ಒಲೆಯ ಮುಂದೆ ಕೂತಿದ್ದಳು.

"ಮುದುಕ, ಅವಳ ಹೆಸರೇನು?"

"ಯಾರ ಹೆಸರು ಮುದುಕಿ?"

"ಸಂಜೆಯಾದ್ರೆ ನನ್ ರಗ್ಗು ತಗೊಂಡು ಹೋಗ್ತೀಯಲ್ಲ, ಅವಳದು. ಮೈಯೆಲ್ಲ ಪೆಟ್ರೋಲ್ ವಾಸನೆ ಪುಣ್ಯಾತ್ಗಿತ್ತಿದು."

ಲೆಗೆಂತೇಯ ಚಹಾ ನುಂಗುವಾಗ ನೆತ್ತಿಗೇರಿತು. ಬೇರೆ ದಾರಿಯಿಲ್ಲದೆ ಎಲ್ಲವನ್ನೂ ಹೇಳಿದ. ಬಾಲ್ಬಾರಾ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನಂಗೆ ಜ್ವರ ಬಂದಾಗ ಒಂದಿನ ಹೊದಿಸಿದ್ಯಾ ಇದನ್ನ?"

"ನೀನೇನು ಹಗಲೆಲ್ಲ ಓಡಿ ಬಂದಿದ್ಯಾ?"

"ಓಡದೆ ಏನು. ನಿನ್ ಜೊತೆ ಸಂಸಾರ ಮಾಡೋದು ಅಂದ್ರೆ ಓಡೋದೇ. ಆಯ್ತು, ಹೊದಿಸ್ಕೋ. ಕೆಂಡ ಬಿದ್ದು ತೂತಾದ್ರೆ ಮಾತ್ರ ನಿನ್ ಚರ್ಮಾನೇ ತೇಪೆ ಹಾಕ್ತೀನಿ."

ಹೀಗೆ ಅದು ಗಂಡಹೆಂಡಿರ ನಡುವಿನ ತಮಾಷೆಯಾಗಿ ಉಳಿಯಿತು.

ಪರೀಕ್ಷೆಯ ಫಲ ನೋಡಲು ಸೈನ್ಯದ ಮೇಜರ್ ಪೆರೆಗೂದ ಹೆಪ್ಪುಗಟ್ಟಿದ ನದಿಯ ಮೇಲಿನ ಚಳಿಗಾಲದ ದಾರಿಯಲ್ಲಿ ಬಂದಿಳಿದ. ದಪ್ಪ ಹುಬ್ಬಿನ, ನಗುಮುಖದ ಮನುಷ್ಯ, ಕೆಟ್ಟವನಲ್ಲ. ಬೆಳಿಗ್ಗೆ ಲಾರಿ ಎದ್ದುದನ್ನು ತಾನೇ ಕಣ್ಣಾರೆ ಕಂಡ. ಅವತ್ತು ಸಂಜೆ ಬಾಲ್ಬಾರಾಳ ಮನೆಯಲ್ಲೇ ಊಟ. ಕಲ್ಲಿನಂತೆ ಹೆಪ್ಪುಗಟ್ಟಿದ ಮೀನನ್ನು ಲೆಗೆಂತೇಯ ಚಾಕುವಿನಿಂದ ಎಳೆಎಳೆಯಾಗಿ ಹೆರೆದು ಕೊಟ್ಟ, ಬಾಲ್ಬಾರಾ ಕೆನೆ ಕಡೆದು ಕಾಡುಹಣ್ಣು ಬೆರೆಸಿ ಬಡಿಸಿದಳು. ನಫೀಸಾ ಮೊದಲ ಬಾರಿಗೆ ಹೊಟ್ಟೆ ತುಂಬ ಉಂಡಳು. ಮೇಜರ್ ಬಟ್ಟಲು ಎತ್ತಿ ಹಾರೈಸಿದ.

"ಎಣ್ಣೆ ಹಿಡಿದ ಹುಡುಗೀಗೂ, ಲಾರಿ ಹಿಡಿದ ಮುದುಕಪ್ಪನಿಗೂ. ನಾಡಿದ್ದು ಮಂಜು ಸರಿದು ನಿಮ್ ಹುಡುಗಿ ವರದಿ ಹಿಡ್ಕೊಂಡು ವಿಮಾನ ಹತ್ತಿದ್ರೆ ಸಾಕು. ಆರ್ಡರ್ ರೆಡಿ ಇದೆ. ಈ ಚಳಿಗಾಲದಲ್ಲೇ ಮೊದಲ ಡ್ರಮ್ಮುಗಳು ಪೂರ್ವದ ಠಾಣೆಗೆ."

"ಪೂರ್ವದ ಠಾಣೆಗಾ," ಎಂದಳು ಬಾಲ್ಬಾರಾ. "ನಮ್ ಹುಡುಗ ಮೀತೆರೇಯ ಅಲ್ಲೇ ಇರೋದು."

"ಹಾಗಾದ್ರೆ ಅದೃಷ್ಟವಂತ ಬಿಡಮ್ಮ. ಇನ್ಮೇಲೆ ಸಂಜೆಯಾದ್ರೆ ಎಂಜಿನ್ ಆಫ್, ಹುಡುಗ್ರು ಹಾಯಾಗಿ ನಿದ್ದೆ. ಬೆಳಿಗ್ಗೆ ಒಂದ್ ಸೆಲ್ಫ್ ಹೊಡೆದು ಹೊರಟ್ರೆ ಆಯ್ತು. ಬಯಲಲ್ಲಿ ಬೀಡುಬಿಟ್ರೂ ಅಷ್ಟೇ."

ಲೆಗೆಂತೇಯನ ಕೈಯಲ್ಲಿ ಚಾಕು ನಿಂತಿತು. ಎಲ್ಲರೂ ನಗುತ್ತಿದ್ದರು, ಆದರೆ ನಗೆ ದೂರದಿಂದ ಬರುತ್ತಿತ್ತು. ಅವನ ಕಣ್ಣಿಗೆ ಗಡಿಯ ಬೋಳುಬೆಟ್ಟ ಕಂಡಿತು. ಸಾಲಾಗಿ ನಿಂತ ಲಾರಿಗಳು, ಒಂದರಲ್ಲೂ ಉಸಿರಿಲ್ಲ. ಒಳಗೆ ಕೋಟು ಹೊದ್ದು ಮಲಗಿದ ಹುಡುಗರು. ಬೆಳಗಾಗುತ್ತದೆ, ಮೀತೆರೇಯ ಕಣ್ಣುಜ್ಜಿಕೊಂಡು ಕೀಲಿ ತಿರುಗಿಸುತ್ತಾನೆ. ಅಲ್ಲಿ ಯಾರು ಹೊದಿಸಿದ್ದಾರೆ? ಯಾರ ಒಲೆಯ ಕೆಂಡ ಬರುತ್ತದೆ? ಲಾರಿ ತನ್ನ ಪ್ರೀತಿಯಿಂದ ಎದ್ದದ್ದೋ ಎಣ್ಣೆಯಿಂದ ಎದ್ದದ್ದೋ ತನಗೂ ಗೊತ್ತಿಲ್ಲ ಎಂಬುದು ಲೆಗೆಂತೇಯನಿಗೆ ಆಗ ಹೊಳೆಯಿತು. ಅವನು ಬಾಲ್ಬಾರಾಳ ಕಡೆ ನೋಡಿದ. ಅವಳು ಕೆನೆ ಬಡಿಸುವುದನ್ನು ನಿಲ್ಲಿಸಿ ಅವನನ್ನೇ ನೋಡುತ್ತಿದ್ದಳು.

ನಫೀಸಾಳ ಮುಖ ನೋಡಿದರೆ ಹೇಳಲು ನಾಲಿಗೆ ಏಳಲಿಲ್ಲ. ಅಷ್ಟು ವರ್ಷ ಕಾದು ಕೈಗೆ ಸಿಕ್ಕಿದ ಗೆಲುವು, ಅದನ್ನು ಕಿತ್ತುಕೊಳ್ಳುವ ಕಟುಕ ಕೆಲಸ ತನ್ನ ಪಾಲಿಗೇ ಬಂತಲ್ಲ ಎಂದು ಸಂಕಟವಾಯಿತು. ಹೇಳದಿದ್ದರೆ ಅವಳು ವಿಮಾನ ಹತ್ತುತ್ತಾಳೆ, ಎಣ್ಣೆ ಗಡಿಗೆ ಹೋಗುತ್ತದೆ. ಹಾಸಿಗೆಯಲ್ಲಿ ಹೊರಳಾಡಿ, ಬೆಳಿಗ್ಗೆ ಚಹಾ ಕೂಡ ಕುಡಿಯದೆ ಅವಳ ಬಿಡಾರಕ್ಕೆ ಹೋದ. ಅವಳು ಹಾಡು ಗುನುಗುತ್ತ ಪೆಟ್ಟಿಗೆಗೆ ಬಟ್ಟೆ ತುಂಬುತ್ತಿದ್ದಳು.

"ಮಗಳೇ, ನಿನ್ ಲಾರಿಗೆ ನಾನು ಹೊದಿಸ್ತಿದ್ದೆ."

"ಏನು ಹೊದಿಸ್ತಿದ್ರಿ?"

"ರಗ್ಗು. ದಿನಾ ಸಂಜೆ. ಕೆಳಗೆ ಕೆಂಡಾನೂ ಇಡ್ತಿದ್ದೆ."

ಅವಳು ಮೊದಲು ನಕ್ಕಳು, ಮುದುಕ ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು. ಆಮೇಲೆ ಅವನ ಮುಖ ನೋಡಿ ಕೈಯಲ್ಲಿದ್ದ ಅಂಗಿಯನ್ನು ಕೆಳಗಿಟ್ಟಳು.

"ಯಾವತ್ತಿಂದ?"

"ಮೂರನೇ ಎಣ್ಣೆ ಹಾಕಿದ ದಿನದಿಂದ."

"ಯಾಕೆ ದೊಡ್ಡಪ್ಪ?"

"ಓಡಿ ಬಂದಿತ್ತು. ಬೆನ್ನು ಬೆವೆತಿತ್ತು."

"ಅದಕ್ಕೆ ಬೆನ್ನಿಲ್ಲ. ಅದು ಬೆವರಲ್ಲ. ಅದು ಕಬ್ಬಿಣ." ಅವಳು ಪೆಟ್ಟಿಗೆಯ ಮುಚ್ಚಳವನ್ನು ರಪ್ಪನೆ ಮುಚ್ಚಿದಳು. "ನೀವು ನನ್ನ ಕೊಂದ್ರಿ ಗೊತ್ತಾ?"

"ಗೊತ್ತಾಯ್ತು. ಅದಕ್ಕೇ ಬಂದೆ."

ಅವಳು ಕಿಟಕಿಯ ಕಡೆ ತಿರುಗಿ ನಿಂತಳು. ಗಾಜಿನ ಮೇಲೆ ಗೇಣುದ್ದ ಹಿಮ, ಹೊರಗೆ ಏನೂ ಕಾಣುತ್ತಿರಲಿಲ್ಲ. ಹಾಗೇ ನಿಂತು ಮೆಲ್ಲಗೆ ಕೇಳಿದಳು.

"ಇನ್ಯಾರಿಗೆ ಗೊತ್ತು?"

"ಬಾಲ್ಬಾರಾಗೆ."

"ಹೇಳ್ದೆ ಇದ್ದಿದ್ರೆ ಏನಾಗ್ತಿತ್ತು ನಿಮಗೆ? ಒಳ್ಳೇ ಎಣ್ಣೆನೇ ಇರಬಹುದು ಅದು. ಹಾಗೇ ಎದ್ದಿರಬಹುದು."

"ಇರಬಹುದು ಮಗಳೇ. ನಂಗೂ ಹಾಗೇ ಆಸೆ. ಆದ್ರೆ ಅಲ್ಲಿ ನಮ್ ಹುಡುಗ ಮಲಗಿರ್ತಾನೆ. ಅವನ ಅಪ್ಪನ್ನ ಕಣಿವೆ ಮೇಲಿಂದ ನಾನೇ ಇಳಿಸ್ಕೊಂಡು ಬಂದಿದ್ದು. ಕೂತ ಹಾಗೇ ಇದ್ದ, ಕಾಲು ಮಡಚಿದ್ದು ನೆಟ್ಟಗಾಗಲಿಲ್ಲ. ಇನ್ನೊಂದ್ಸಲ ನನ್ ಕೈಲಾಗಲ್ಲ."

ಸಿಲಿಪನ ಕಥೆಯನ್ನು ಅವನು ಯಾರಿಗೂ ಅಷ್ಟು ಹೇಳಿದ್ದಿಲ್ಲ. ಹೇಳಿ ಮುಗಿಸುವ ಹೊತ್ತಿಗೆ ಅವನ ಕಣ್ಣು ತುಂಬಿತ್ತು, ಒರೆಸಿಕೊಳ್ಳಲೂ ಇಲ್ಲ. ನಫೀಸಾ ಕೋಟು ಹಾಕಿಕೊಂಡು, ಅವನ ಕಡೆ ನೋಡದೆಯೇ, ಇನ್ನೊಂದು ರಾತ್ರಿಯ ಪರೀಕ್ಷೆ ಬೇಕೆಂದಷ್ಟೇ ಕೇಳಲು ಮೇಜರನ ಬಳಿಗೆ ನಡೆದಳು.

ಆ ಸಂಜೆ ಕಟ್ಟಕಡೆಯ ಪರೀಕ್ಷೆ. ಲೆಗೆಂತೇಯ ತಾನೇ ಕೀಲಿ ತಿರುಗಿಸಿದ. ಬ್ಯಾಟರಿ ಬಿಚ್ಚಿದ. ಬಾನೆಟ್ಟಿನಿಂದ ಹಬೆ ಏಳುತ್ತಿತ್ತು, ಅವನು ಅದನ್ನು ನೋಡದಂತೆ ತಲೆ ತಗ್ಗಿಸಿಕೊಂಡು ಮನೆಗೆ ನಡೆದ. ಮನೆ ತಲುಪುವಷ್ಟರಲ್ಲಿ ಎರಡು ಸಲ ಕಾಲು ತಾನಾಗಿ ಹಿಂದಕ್ಕೆ ತಿರುಗಿತು. ಬಾಲ್ಬಾರಾ ರಗ್ಗನ್ನು ಪೆಟ್ಟಿಗೆಯಲ್ಲಿಟ್ಟು ಪೆಟ್ಟಿಗೆಯ ಮೇಲೆ ಕ್ವಿಂಟಾಲ್ ಮೂಟೆಯ ಹಾಗೆ ಕೂತಿದ್ದಳು.

"ನನ್ನ ಎಬ್ಬಿಸೋಕೆ ಬಾ ನೋಡೋಣ," ಎಂದಳು.

"ಬರಲ್ಲ ಬಿಡು."

"ನಿನ್ ಮುಖ ನೋಡಿದ್ರೆ ಬರೋ ಹಾಗಿದೆ."

"ಬರಬೇಕು ಅನ್ಸುತ್ತೆ ಮುದುಕಿ. ಬರಲ್ಲ."

ಅವಳು ಅಲ್ಲೇ ಪಕ್ಕಕ್ಕೆ ಸರಿದು ಅವನಿಗೂ ಜಾಗ ಕೊಟ್ಟಳು. ಇಬ್ಬರೂ ಪೆಟ್ಟಿಗೆಯ ಮೇಲೆ ಕೂತು ಒಲೆಯ ಬೆಂಕಿ ನೋಡಿದರು. ಲೆಗೆಂತೇಯನಿಗೆ ಸಿಲಿಪನನ್ನೇ ಕಣಿವೆಯಲ್ಲಿ ಒಂಟಿಯಾಗಿ ಬಿಟ್ಟು ಬಂದಂತಿತ್ತು. ಜೊತೆಗೆ ಒಂದು ಕಳ್ಳ ಆಸೆಯೂ ಇತ್ತು: ಬೆಳಿಗ್ಗೆ ಎದ್ದುಬಿಟ್ಟರೆ ಎಲ್ಲವೂ ಸರಿಹೋಗುತ್ತದೆ, ಹುಡುಗಿಯ ಗೆಲುವು ಹುಡುಗಿಗೆ ಉಳಿಯುತ್ತದೆ, ಮೀತೆರೇಯನಿಗೆ ನಿದ್ದೆ ಸಿಗುತ್ತದೆ.

ಬೆಳಗಾಯಿತು. ಮಂಜಿನಲ್ಲಿ ಲಾರಿ ಬೆಳ್ಳಗೆ, ದೊಡ್ಡದಾಗಿ, ಗುರುತು ಸಿಗದ ಪ್ರಾಣಿಯ ಹಾಗೆ ನಿಂತಿತ್ತು. ಲೆಗೆಂತೇಯ ಬ್ಯಾಟರಿ ಜೋಡಿಸಿ, ಒಳಗೆ ಕೂತು, ಏಳಪ್ಪಾ ಎಂದು ಬಾಯೊಳಗೇ ಬೇಡಿಕೊಂಡು ಸೆಲ್ಫ್ ಹೊಡೆದ. ಒಂದು ನರಳು. ಮತ್ತೆ ಹೊಡೆದ. ಅದೂ ಇಲ್ಲ. ಕೆಳಗಿಳಿದು ಮುಂದಿನಿಂದ ಹ್ಯಾಂಡಲ್ ಹಾಕಿ ಇಡೀ ಮೈಭಾರ ಬಿಟ್ಟು ಜೋತುಬಿದ್ದ. ಹ್ಯಾಂಡಲ್ ಮಿಸುಕಲಿಲ್ಲ. ನಫೀಸಾ ಎಣ್ಣೆ ನೋಡುವ ಕಡ್ಡಿಯನ್ನು ಹೊರಗೆಳೆದು ತುದಿ ಕೆಳಗೆ ಮಾಡಿ ಹಿಡಿದಳು. ಅದರ ತುದಿಯಲ್ಲಿ ಎಣ್ಣೆ ಬೆಣ್ಣೆಯ ಮುದ್ದೆಯಾಗಿ ಅಂಟಿಕೊಂಡೇ ಇತ್ತು, ಒಂದು ಹನಿ ಬೀಳಲಿಲ್ಲ.

ಮೇಜರ್ ಹುಬ್ಬು ಗಂಟಿಕ್ಕಿ ಹತ್ತಿರ ಬಂದ.

"ನಿನ್ನೆ ಚಳಿ ಜಾಸ್ತಿ ಇತ್ತು. ಇಷ್ಟು ಬೆಳಿಗ್ಗೆಗಳು ಎದ್ದಿದೆ, ಒಂದು ಬೆಳಿಗ್ಗೆ ಏಳಲಿಲ್ಲ ಅಂತ ಎಲ್ಲಾ ಕೆಡಿಸೋದಾ? ಸ್ವಲ್ಪ ಯೋಚ್ನೆ ಮಾಡಮ್ಮ. ನಿನ್ ಕೆಲಸದ ಪ್ರಶ್ನೆ."

ಲೆಗೆಂತೇಯ ಹ್ಯಾಂಡಲನ್ನು ಕೆಳಗಿಟ್ಟ. ಇಲ್ಲಿ ಅವಳು ಹೂಂ ಎಂದರೆ ಮುಗಿಯಿತು. ಅವಳು ಹೂಂ ಅಂದರೂ ತಾನು ಅವಳನ್ನು ಬೈಯಲಾರೆ ಎಂದು ಅವನಿಗೆ ಗೊತ್ತಿತ್ತು.

ನಫೀಸಾ ಆ ಕಡ್ಡಿಯನ್ನು ನೋಡುತ್ತಲೇ ಇದ್ದಳು. "ಆ ಬೆಳಿಗ್ಗೆಗಳೆಲ್ಲ ಎಬ್ಬಿಸಿದ್ದು ರಾತ್ರಿ ದೊಡ್ಡಪ್ಪ ಹೊದಿಸಿದ ದೊಡ್ಡಮ್ಮನ ರಗ್ಗು, ಮೇಜರ್," ಎಂದಳು. "ನನ್ನ ಎಣ್ಣೆ ಬಿತ್ತು. ಹಾಗೇ ಹೇಳಿ ಮೇಲಿನವರಿಗೆ."

ಮೇಜರನ ಸಿಟ್ಟೆಲ್ಲ ಮುದುಕನ ಮೇಲೆ ಹರಿಯಿತು. ನಿನ್ನಿಂದ ಒಂದು ಚಳಿಗಾಲ ಹಾಳಾಯಿತು, ಗಡಿಯ ಹುಡುಗರೆಲ್ಲ ಆಸೆಯಿಂದ ಕಾಯುತ್ತಿದ್ದರು, ಇನ್ನು ಸೈನ್ಯದ ಲಾರಿ ಮುಟ್ಟಬೇಡ ಎಂದ. ಲೆಗೆಂತೇಯ ಟೋಪಿ ಕೈಯಲ್ಲಿ ಹಿಡಿದು ಎಲ್ಲವನ್ನೂ ಕೇಳಿಸಿಕೊಂಡ. ಬೈಗುಳ ನ್ಯಾಯವಾಗಿಯೇ ಇದೆ ಎನಿಸಿತು.

ಮಂಜು ಸರಿದು ವಿಮಾನ ಬಂದ ದಿನ ಅವನು ಹೆಪ್ಪುಗಟ್ಟಿದ ಎರಡು ದೊಡ್ಡ ಮೀನು ಹೆಗಲಿಗೇರಿಸಿಕೊಂಡು ಅದು ಇಳಿದ ಬಯಲಿಗೆ ಹೋದ. ದೂರ ಹೊರಟವರನ್ನು ಬರಿಗೈಯಲ್ಲಿ ಕಳಿಸುವುದುಂಟೆ? ನಫೀಸಾ ಮೆಟ್ಟಿಲ ಬಳಿ ನಿಂತಿದ್ದಳು, ಮೂಗು ಎಂದಿಗಿಂತ ಕೆಂಪು.

"ದೊಡ್ಡಪ್ಪ, ನಿಮ್ಮ ಮೇಲೆ ನಂಗೆ ತುಂಬಾ ಸಿಟ್ಟಿದೆ."

"ಇರ್ಲಿ ಮಗಳೇ."

"ಬೇಗ ಹೋಗಲ್ಲ ಅದು."

"ನಿಧಾನಕ್ಕೆ ಹೋಗ್ಲಿ. ಮೀನು ತಗೋ."

ಅವಳು ಮೀನು ತೆಗೆದುಕೊಂಡಳು. ಕೆಲಸ ಇನ್ನೊಂದು ತಂಡಕ್ಕೆ ಹೋಗುತ್ತದಂತೆ, ಆದರೂ ತಾನು ಬೇರೆಲ್ಲಾದರೂ ಸೇರಿ ಎಣ್ಣೆ ಕುದಿಸುವುದನ್ನು ಬಿಡುವುದಿಲ್ಲ ಎಂದಳು. ಆಮೇಲೆ ಮೆಟ್ಟಿಲು ಹತ್ತಿದಳು. ವಿಮಾನ ಹಾರಿಹೋದ ಮೇಲೂ ಲೆಗೆಂತೇಯ ಅಲ್ಲೇ ನಿಂತಿದ್ದ. ಮಗಳೆಂದು ಬಾಯಿತುಂಬ ಕರೆದವಳ ಅನ್ನಕ್ಕೆ ಕಲ್ಲು ಹಾಕಿದೆನಲ್ಲ ಎಂಬ ನೋವು ಆ ಚಳಿಗಾಲವೆಲ್ಲ ಅವನನ್ನು ಬಿಡಲಿಲ್ಲ.

ಇಂಡಿಗಿರ್ಕಾ ಒಡೆದು ನೀರು ಬಂತು. ಹುಲ್ಲು ಚಿಗುರಿತು, ಸೊಳ್ಳೆಗಳು ಬಂದವು. ಒಂದು ದಿನ ಮೀತೆರೇಯ ಸೇವೆ ಮುಗಿಸಿ ಮನೆಗೆ ಬಂದ. ಮೀಸೆ ಬಂದಿತ್ತು, ಭುಜ ಅಗಲವಾಗಿತ್ತು, ಕಣ್ಣಿನ ಕೆಳಗೆ ಮಾತ್ರ ಕಪ್ಪಗೆ ಕುಳಿ ಬಿದ್ದಿತ್ತು. ಬಾಲ್ಬಾರಾ ಅವನ ಮುಂದೆ ಕುದುರೆ ಮಾಂಸ, ದೋಸೆ, ಕೆನೆ ಎಲ್ಲವನ್ನೂ ಒಟ್ಟಿಗೇ ತಂದಿಟ್ಟಳು.

"ಇದೇನೋ ಇದು, ಗೂಬೆ ಕಣ್ಣಾಗಿದೆ?"

"ನಿದ್ದೆ ಎಲ್ಲಿ ದೊಡ್ಡಮ್ಮ. ಚಳಿಗಾಲದಲ್ಲಿ ಯಾವ್ದೋ ಹೊಸ ಆಯಿಲ್ ಬರುತ್ತೆ, ಸಂಜೆ ಆಫ್ ಮಾಡಿ ಮಲ್ಕೊಬೋದು ಅಂದ್ರು. ಕುಣಿದಾಡ್ಬಿಟ್ವಿ ನಾವೆಲ್ಲ. ಆಮೇಲೆ ಬರಲ್ಲ ಅಂದ್ರು. ಸರದಿ ಮೇಲೆ ಎದ್ದೆದ್ದು ಎಂಜಿನ್ ಕಾಯೋದೇ ಆಯ್ತು." ಅವನು ಬಾಯಿ ತುಂಬ ತಿನ್ನುತ್ತಲೇ ಗೊಣಗಿದ. "ಯಾವನೋ ಮುದುಕ ಅಡ್ಡಗಾಲು ಹಾಕಿದ್ನಂತೆ ಅದಕ್ಕೆ. ಹೆಸರು ಗೊತ್ತಿಲ್ಲ. ಕೈಗೆ ಸಿಕ್ಕಿದ್ರೆ ನಮ್ ಹುಡುಗ್ರು ಅವನನ್ನ ಸುಮ್ನೆ ಬಿಡಲ್ಲ."

ಬಾಲ್ಬಾರಾ ಸೆರಗಿನಂತೆ ತಲೆವಸ್ತ್ರವನ್ನು ಬಾಯಿಗೆ ಹಿಡಿದುಕೊಂಡಳು.

"ತಲೆ ಕೆಟ್ಟ ಮುದುಕ ಇರ್ಬೇಕು," ಎಂದ ಲೆಗೆಂತೇಯ. "ತಿನ್ನು. ಇನ್ನೊಂದು ದೋಸೆ ಹಾಕ್ಕೋ."

ಮೀತೆರೇಯ ಇನ್ನೊಂದು ದೋಸೆಗೆ ಕೈ ಚಾಚಿದ. ಕೈ ಅಲ್ಲೇ ಉಳಿಯಿತು, ತಲೆ ಮೆಲ್ಲಗೆ ಮೇಜಿನ ಮೇಲೆ ವಾಲಿತು. ಹಾಗೇ ಕೂತಲ್ಲೇ ನಿದ್ದೆಹೋದ. ಬಾಲ್ಬಾರಾ ಎಬ್ಬಿಸಿ ಮಂಚಕ್ಕೆ ಕಳಿಸಲು ಏಳಹೋದಾಗ ಲೆಗೆಂತೇಯ ಅವಳ ಕೈ ಹಿಡಿದು ಕೂರಿಸಿದ. ಇಬ್ಬರೂ ಊಟ ಬಿಟ್ಟು ಹುಡುಗ ಉಸಿರಾಡುವುದನ್ನೇ ನೋಡುತ್ತ ಕೂತರು.